ವೇಗವೂ ವಿವೇಕವೂ



ಕಳೆದ ವರ್ಷ ಅಂತರಶಾಲಾ ವಿಜ್ಞಾನ ಪ್ರದರ್ಶನಕ್ಕೆ ಹೊರಡುವ ಹಿಂದಿನ ದಿನ ಒಂಬತ್ತನೆಯ ತರಗತಿಯ ಬಾಲಕನೊಬ್ಬನು ನನ್ನನ್ನು ಒಂದು ಪ್ರಶ್ನೆ ಕೇಳಿದನು. "ಸರ್, ಅಲ್ಲಿಗೆ ಬರುವ ದೊಡ್ಡ ಶಾಲೆಗಳಲ್ಲಿ ದೊಡ್ಡ ಪ್ರಯೋಗಶಾಲೆಗಳಿವೆ. ನಮ್ಮಲ್ಲಿರುವುದು ಎರಡು ಬೀರು ಮಾತ್ರ. ಒಳ್ಳೆಯ ಯಂತ್ರವುಳ್ಳವನೇ ಗೆಲ್ಲುವನೆಂದು ಮೊದಲೇ ಗೊತ್ತಿದ್ದ ಮೇಲೆ ನಾವು ಹೋಗುವುದಾದರೂ ಏತಕ್ಕೆ?" ನಾನು ಆ ಹೊತ್ತಿಗೆ ಏನೋ ಸಮಾಧಾನ ಹೇಳಿ ಕಳುಹಿಸಿದೆನು. ಆದರೆ ಆ ಸಮಾಧಾನವು ನನಗೇ ಸಾಲದಾಯಿತು.

ಆ ಬಾಲಕನಿಗೆ ಮೋಟಾರು ಪಂದ್ಯಗಳೆಂದರೆ ಬಲು ಪ್ರೀತಿ. ಅವನ ಗಣಿತದ ಪುಸ್ತಕದ ಕೊನೆಯ ಹಾಳೆಗಳಲ್ಲಿ ಸಮೀಕರಣಗಳಿಗಿಂತ ಪಂದ್ಯದ ಕಾರುಗಳ ಚಿತ್ರಗಳೇ ಅಧಿಕ. ಆದುದರಿಂದ ಅವನ ಪ್ರಶ್ನೆಗೆ ಅವನ ಪ್ರೀತಿಯ ವಿಷಯದಿಂದಲೇ ಉತ್ತರ ಹುಡುಕೋಣವೆಂದು ಹೊರಟೆನು. ಯಂತ್ರದ ಬಲವೇ ಸರ್ವಸ್ವವೆಂದು ತೋರುವ ಈ ಆಟದಲ್ಲಿ ಮನುಷ್ಯನ ಪಾಲು ಎಷ್ಟು? ಇದೇ ಈ ಪಾಠದ ವಿಷಯ.

೧. ಮೊದಲ ಮಹಾ ಬಹುಮಾನ

'ಗ್ರ್ಯಾಂಡ್ ಪ್ರೀ' ಎಂಬುದು ಫ್ರೆಂಚ್ ಭಾಷೆಯ ಮಾತು. 'ಮಹಾ ಬಹುಮಾನ' ಎಂದು ಅದರ ಅರ್ಥ. ಫ್ರಾನ್ಸ್ ದೇಶದ ಆಟೊಮೊಬೈಲ್ ಕ್ಲಬ್ಬು ೧೯೦೬ನೆಯ ಇಸವಿ ಜೂನ್ ೨೬ ಮತ್ತು ೨೭ರಂದು ಲ ಮಾನ್ ಪಟ್ಟಣದ ಬಳಿಯ ರಸ್ತೆಗಳ ಮೇಲೆ ತನ್ನ ಮೊದಲ ಗ್ರ್ಯಾಂಡ್ ಪ್ರೀ ಪಂದ್ಯವನ್ನು ನಡೆಯಿಸಿತು. ಒಂದು ಸುತ್ತಿಗೆ ಸುಮಾರು ೧೦೩ ಕಿಲೋಮೀಟರು. ದಿನಕ್ಕೆ ಆರು ಸುತ್ತಿನಂತೆ ಎರಡು ದಿನಗಳಲ್ಲಿ ಒಟ್ಟು ೧,೨೩೮ ಕಿಲೋಮೀಟರು. ಹೊರಟ ಕಾರುಗಳು ೩೨. ಕೊನೆ ಮುಟ್ಟಿದವು ೧೧ ಮಾತ್ರ.

ಬೇಸಗೆಯ ಬಿಸಿಲಿಗೆ ರಸ್ತೆಯ ಡಾಮರು ಕರಗಿತು, ಕಲ್ಲುಗಳು ಮೇಲೆದ್ದವು, ಟೈರುಗಳು ಒಂದಾದ ಮೇಲೊಂದು ಒಡೆದವು. ಚಾಲಕನೂ ಅವನೊಡನೆ ಕುಳಿತ ಯಂತ್ರಕಾರನೂ ಅಲ್ಲದೆ ಬೇರೆ ಯಾರೂ ಕಾರನ್ನು ಮುಟ್ಟಬಾರದೆಂಬ ನಿಯಮವಿತ್ತು. ಒಡೆದ ಟೈರನ್ನು ಚಾಕುವಿನಿಂದ ಕೊಯ್ದು ತೆಗೆದು, ಹೊಸದನ್ನು ತೊಡಿಸಿ, ಗಾಳಿ ತುಂಬುವುದರಲ್ಲಿ ಬಹಳ ಹೊತ್ತು ಹಿಡಿಯುತ್ತಿತ್ತು. ಆದರೆ ಮಿಶಲಿನ್ ಸಂಸ್ಥೆಯವರು ಕಳಚಿ ಜೋಡಿಸಬಹುದಾದ ಚಕ್ರದ ಬಳೆಯೊಂದನ್ನು ಸಿದ್ಧಪಡಿಸಿದ್ದರು. ಗಾಳಿ ತುಂಬಿದ ಟೈರು ಮೊದಲೇ ಅದಕ್ಕೆ ತೊಡಿಸಿಕೊಂಡಿರುತ್ತಿತ್ತು. ಹಳೆಯ ಬಳೆಯನ್ನು ಕಳಚಿ ಹೊಸದನ್ನು ಬಿಗಿದರೆ ಕೆಲವೇ ನಿಮಿಷಗಳಲ್ಲಿ ಕೆಲಸ ಮುಗಿಯಿತು. ಈ ಬಳೆಗಳನ್ನು ಹೊಂದಿದ್ದ ರೆನೊ ಕಾರಿನಲ್ಲಿ, ಹಂಗೇರಿ ದೇಶದಲ್ಲಿ ಹುಟ್ಟಿದ ಫೆರೆನ್ಸ್ ಸಿಸ್ ಎಂಬಾತನು ೧೨ ಗಂಟೆ ೧೪ ನಿಮಿಷಗಳಲ್ಲಿ ಪಂದ್ಯವನ್ನು ಮುಗಿಸಿ ಗೆದ್ದನು. ಅವನ ಸರಾಸರಿ ವೇಗ ಗಂಟೆಗೆ ಸುಮಾರು ೧೦೧ ಕಿಲೋಮೀಟರು.

ಗಮನಿಸಿರಿ: ಆ ಗೆಲುವಿನ ಬಹುಪಾಲು ಓಡುವಾಗ ದೊರೆತುದಲ್ಲ, ನಿಂತಾಗ ದೊರೆತುದು. ವ್ಯರ್ಥವಾಗುವ ಕಾಲ ಯಾವುದೆಂದು ಯಾರೋ ಮೊದಲೇ ಕುಳಿತು ಯೋಚಿಸಿದ್ದರು.

೨. ಕಾಡಿನ ನಡುವಿನ ದಾರಿ

ಇನ್ನು ಮುಂದೆ ಹೇಳುವ ಮೂರು ಪ್ರಸಂಗಗಳಿಗೂ ಒಂದೇ ದಾರಿಯ ಸಂಬಂಧವಿದೆ. ಆದ ಕಾರಣ ಮೊದಲು ಆ ದಾರಿಯನ್ನು ತಿಳಿದುಕೊಳ್ಳತಕ್ಕದ್ದು.

ಜರ್ಮನಿಯ ಪಶ್ಚಿಮ ಭಾಗದಲ್ಲಿ ಐಫೆಲ್ ಎಂಬ ಬೆಟ್ಟಸೀಮೆಯಿದೆ. ಅಲ್ಲಿ ನ್ಯೂರ್‌ಬುರ್ಗ್ ಎಂಬ ಹಳೆಯ ಕೋಟೆಯ ಸುತ್ತಲಿನ ಕಾಡಿನಲ್ಲಿ ೧೯೨೫ರಿಂದ ೧೯೨೭ರ ವರೆಗೆ ದುಡಿದು ಮೋಟಾರು ಪಂದ್ಯಗಳಿಗಾಗಿಯೇ ಒಂದು ರಸ್ತೆಯನ್ನು ಕಟ್ಟಿದರು. ಅದಕ್ಕೆ ನ್ಯೂರ್‌ಬುರ್ಗ್‌ರಿಂಗ್ ಎಂದು ಹೆಸರು. ಅದರ ಉತ್ತರದ ಸುತ್ತಿನ ಉದ್ದ ಆಗ ಸುಮಾರು ೨೨.೮ ಕಿಲೋಮೀಟರು ಇತ್ತು. ತಿರುವುಗಳು ನೂರೈವತ್ತಕ್ಕೂ ಮಿಕ್ಕಿದವು. ಅತಿ ಎತ್ತರದ ಜಾಗಕ್ಕೂ ಅತಿ ತಗ್ಗಿನ ಜಾಗಕ್ಕೂ ಸುಮಾರು ೩೦೦ ಮೀಟರಿನ ಅಂತರ. ಒಂದು ತುದಿಯಲ್ಲಿ ಬಿಸಿಲಿದ್ದರೆ ಇನ್ನೊಂದು ತುದಿಯಲ್ಲಿ ಮಳೆ ಬೀಳುವುದೂ ಉಂಟು. ಇಂಥ ದಾರಿಯಲ್ಲಿ ಯಂತ್ರದ ಬಲವೊಂದೇ ಸಾಲದು. ನೂರೈವತ್ತು ತಿರುವುಗಳನ್ನೂ ಪದ್ಯ ಕಂಠಪಾಠ ಮಾಡಿದಂತೆ ನೆನಪಿನಲ್ಲಿಟ್ಟುಕೊಂಡವನಿಗೆ ಮಾತ್ರ ಅದು ಒಲಿಯುತ್ತಿತ್ತು.

೩. ದುರ್ಬಲ ಯಂತ್ರದ ಗೆಲುವು

೧೯೩೫ನೆಯ ಇಸವಿ ಜುಲೈ ೨೮. ಜರ್ಮನಿಯ ಗ್ರ್ಯಾಂಡ್ ಪ್ರೀ. ಆಗ ಆ ದೇಶದಲ್ಲಿ ಹಿಟ್ಲರನ ಆಳ್ವಿಕೆ. ಮರ್ಸಿಡಿಸ್-ಬೆಂಜ್ ಮತ್ತು ಆಟೊ ಯೂನಿಯನ್ ಎಂಬ ಎರಡು ಜರ್ಮನ್ ಸಂಸ್ಥೆಗಳಿಗೆ ಸರಕಾರದ ಧನಸಹಾಯವಿತ್ತು. ಬೆಳ್ಳಿಯ ಬಣ್ಣದ ಅವರ ಒಂಬತ್ತು ಕಾರುಗಳು ಸಾಲಾಗಿ ನಿಂತಿದ್ದವು. ಗೆಲುವು ತಮ್ಮದೇ ಎಂಬುದರಲ್ಲಿ ಅಲ್ಲಿಯ ಅಧಿಕಾರಿಗಳಿಗೆ ಸಂಶಯವೇ ಇರಲಿಲ್ಲ.

ಅವುಗಳ ಎದುರು ಇಟಲಿಯ ಟಾಟ್ಸಿಯೊ ನುವೊಲಾರಿ. ವಯಸ್ಸು ೪೨, ಆಳು ಕುಳ್ಳ. ಅವನ ಕೆಂಪು ಆಲ್ಫಾ ರೊಮಿಯೊ ಕಾರಿನ ಮಾದರಿ ೧೯೩೨ರಲ್ಲಿ ರೂಪುಗೊಂಡುದು. ಬಲದಲ್ಲಿ ಅದು ಮರ್ಸಿಡಿಸ್ ಕಾರಿಗಿಂತ ಸುಮಾರು ನೂರು ಅಶ್ವಶಕ್ತಿಯಷ್ಟು ಹಿಂದೆ. ನಮ್ಮ ಬಾಲಕನು ಅಂದು ಅಲ್ಲಿದ್ದಿದ್ದರೆ "ಈತನು ಬಂದುದಾದರೂ ಏತಕ್ಕೆ?" ಎಂದು ಖಂಡಿತ ಕೇಳುತ್ತಿದ್ದನು.

ರಸ್ತೆ ಒದ್ದೆಯಾಗಿತ್ತು. ಒದ್ದೆ ನೆಲದಲ್ಲಿ ಹೆಚ್ಚಿನ ಶಕ್ತಿಯು ಪೂರ್ತಿಯಾಗಿ ಉಪಯೋಗಕ್ಕೆ ಬರುವುದಿಲ್ಲ, ಚಕ್ರಗಳು ಜಾರುತ್ತವೆ. ನಯವಾದ ಕೈಯುಳ್ಳವನಿಗೆ ಅದು ಅನುಕೂಲ. ನುವೊಲಾರಿಯು ತಿರುವು ತಿರುವಿನಲ್ಲಿಯೂ ಸ್ವಲ್ಪ ಸ್ವಲ್ಪ ಕಾಲವನ್ನು ಕೂಡಿಹಾಕುತ್ತ, ಹತ್ತನೆಯ ಸುತ್ತಿನ ಹೊತ್ತಿಗೆ ಎಲ್ಲರಿಗಿಂತ ಮುಂದಾದನು.

ಅನಂತರ ಎಣ್ಣೆ ತುಂಬಿಸಲು ನಿಂತಾಗ ಅನಾಹುತವಾಯಿತು. ಅವನ ತಂಡದ ಎಣ್ಣೆ ತುಂಬುವ ಪಂಪು ಕೆಟ್ಟುಹೋಯಿತು. ಸೇವಕರು ಡಬ್ಬಿಗಳಿಂದ ಎತ್ತಿ ಎತ್ತಿ ಸುರಿಯಬೇಕಾಯಿತು. ಜರ್ಮನ್ ತಂಡದವರು ಬೇಗನೆ ಮುಗಿಸಿದ ಕೆಲಸಕ್ಕೆ ಇವರಿಗೆ ೨ ನಿಮಿಷ ೧೪ ಸೆಕೆಂಡು ಹಿಡಿಯಿತು. ಮುಂದಿದ್ದವನು ಆರನೆಯ ಸ್ಥಾನಕ್ಕೆ ಇಳಿದನು.

ಅವನು ಮತ್ತೆ ಒಬ್ಬೊಬ್ಬರನ್ನೇ ಹಿಂದೆ ಹಾಕುತ್ತ ಬಂದನು. ಕೊನೆಯ ಸುತ್ತು ಆರಂಭವಾದಾಗ ಅವನ ಮುಂದೆ ಉಳಿದಿದ್ದವನು ಒಬ್ಬನೇ: ಮರ್ಸಿಡಿಸ್ ಕಾರಿನ ಮನ್‌ಫ್ರೆಡ್ ಫಾನ್ ಬ್ರೌಖಿಚ್. ಇಬ್ಬರ ನಡುವೆ ಅರ್ಧ ನಿಮಿಷದಷ್ಟು ಅಂತರ. ಬೆನ್ನಟ್ಟಿ ಬರುತ್ತಿರುವವನ ಭಯದಿಂದ ಬ್ರೌಖಿಚನು ಸುತ್ತು ಸುತ್ತಿಗೂ ತನ್ನ ಕಾರನ್ನು ದುಡಿಸಿದ್ದನು. ಅವನ ಟೈರುಗಳು ಸವೆದುಹೋಗಿದ್ದವು. ಆ ಕೊನೆಯ ಸುತ್ತಿನಲ್ಲಿಯೇ ಟೈರು ಒಡೆಯಿತು. ನುವೊಲಾರಿಯು ಅವನನ್ನು ದಾಟಿ ಗುರಿ ಮುಟ್ಟಿದನು. ಅವನ ಹಿಂದೆ ಒಂದೂವರೆ ನಿಮಿಷಕ್ಕೂ ತಡವಾಗಿ ಜರ್ಮನ್ ಕಾರುಗಳು ಬಂದವು.

"ಇದು ಅದೃಷ್ಟವಲ್ಲವೇ?" ಎಂದು ನೀವು ಕೇಳಬಹುದು. ಹೌದು, ಅದೃಷ್ಟದ ಪಾಲೂ ಇದೆ; ಇಲ್ಲವೆಂದು ನಾನು ನಿಮಗೆ ಸುಳ್ಳು ಹೇಳಲಾರೆ. ಆದರೆ ವಿಚಾರಮಾಡಿರಿ. ಎರಡು ನಿಮಿಷ ಕಳೆದುಕೊಂಡಾಗ ನುವೊಲಾರಿಯು "ಇನ್ನೇನು, ಮುಗಿಯಿತು" ಎಂದು ನಿಧಾನವಾಗಿ ಓಡಿಸಿದ್ದರೆ, ಬ್ರೌಖಿಚನೂ ನಿಧಾನವಾಗಿ ಓಡಿಸುತ್ತಿದ್ದನು, ಟೈರು ಉಳಿಯುತ್ತಿತ್ತು. ಅದೃಷ್ಟವು ಬಂದಾಗ ಅದನ್ನು ಹಿಡಿಯುವಷ್ಟು ಸಮೀಪದಲ್ಲಿ ಅವನಿದ್ದನು. ಅಷ್ಟು ಮಾತ್ರ ಅವನ ಕೈಯಲ್ಲಿತ್ತು; ಅದನ್ನು ಅವನು ಮಾಡಿದ್ದನು.

೪. ಲೆಕ್ಕ ಹಾಕಿ ಓಡಿದವನು

೧೯೫೦ನೆಯ ಇಸವಿಯಿಂದ ವರ್ಷದ ಹಲವು ಪಂದ್ಯಗಳ ಅಂಕಗಳನ್ನು ಕೂಡಿಸಿ ಚಾಲಕರಲ್ಲಿ ಒಬ್ಬನನ್ನು ವಿಶ್ವವಿಜೇತನೆಂದು ಸಾರುವ ಪದ್ಧತಿ ಬಂದಿತು. ಆ ಮೊದಲ ದಶಕದಲ್ಲಿ ಐದು ಸಲ ವಿಶ್ವವಿಜೇತನಾದವನು ಅರ್ಜೆಂಟೀನಾದ ಹುವಾನ್ ಮಾನುವೆಲ್ ಫಾಂಜಿಯೊ. ಅವನ ಹಿರಿಯರು ಇಟಲಿಯಿಂದ ಹೊಟ್ಟೆಪಾಡಿಗಾಗಿ ಹಡಗು ಹತ್ತಿ ವಲಸೆ ಹೋದವರು. ಬಾಲಕನಾಗಿರುವಾಗಲೇ ಶಾಲೆ ಬಿಟ್ಟು ಬಾಲ್ಕಾರ್ಸೆ ಎಂಬ ಸಣ್ಣ ಊರಿನಲ್ಲಿ ಮೋಟಾರು ದುರಸ್ತಿಯ ಕೆಲಸಕ್ಕೆ ಸೇರಿದವನು. ಯಂತ್ರದ ಒಂದೊಂದು ಭಾಗವನ್ನೂ ಬಿಚ್ಚಿ ಕಟ್ಟಿ ಕಲಿತ ವಿದ್ಯೆ ಅವನದು.

೧೯೫೭ನೆಯ ಇಸವಿ ಆಗಸ್ಟ್ ೪. ಅದೇ ನ್ಯೂರ್‌ಬುರ್ಗ್‌ರಿಂಗ್, ೨೨ ಸುತ್ತು, ಸುಮಾರು ೫೦೦ ಕಿಲೋಮೀಟರು. ಫಾಂಜಿಯೊಗೆ ಆಗ ೪೬ ವರ್ಷ. ಈ ದಾರಿಯಲ್ಲಿ ಅವನು ೧೯೫೪ರಲ್ಲಿಯೂ ೧೯೫೬ರಲ್ಲಿಯೂ ಗೆದ್ದಿದ್ದನು. ಎದುರಾಳಿಗಳು ಫೆರಾರಿ ಕಾರುಗಳ ಇಂಗ್ಲಿಷ್ ತರುಣರಾದ ಮೈಕ್ ಹಾಥಾರ್ನ್ ಮತ್ತು ಪೀಟರ್ ಕಾಲಿನ್ಸ್. ಅವರು ತುಂಬಿದ ಎಣ್ಣೆಯೊಡನೆ ಹೊರಟು ಎಲ್ಲಿಯೂ ನಿಲ್ಲದೆ ಓಡುವವರಿದ್ದರು. ಫಾಂಜಿಯೊ ಬೇರೊಂದು ಲೆಕ್ಕ ಹಾಕಿದನು. ತನ್ನ ಮಾಸೆರಾಟಿ ಕಾರಿನಲ್ಲಿ ಅರ್ಧದಷ್ಟೇ ಎಣ್ಣೆ ತುಂಬಿಸಿದನು. ಎಣ್ಣೆ ಕಡಿಮೆಯಾದರೆ ಭಾರ ಕಡಿಮೆ. ಭಾರ ಕಡಿಮೆಯಾದರೆ ತಿರುವುಗಳಲ್ಲಿ ವೇಗ ಹೆಚ್ಚು. ನಡುವೆ ಒಮ್ಮೆ ನಿಂತರೂ, ಅದಕ್ಕೆ ಬೇಕಾದ ಅರ್ಧ ನಿಮಿಷವನ್ನು ಮುಂಚಿತವಾಗಿಯೇ ಗಳಿಸಿಟ್ಟುಕೊಳ್ಳಬಹುದೆಂಬುದು ಅವನ ಎಣಿಕೆ.

ಎಣಿಕೆಯಂತೆಯೇ ಅವನು ಸುಮಾರು ಅರ್ಧ ನಿಮಿಷದ ಅಂತರವನ್ನು ಗಳಿಸಿ, ಹನ್ನೆರಡನೆಯ ಸುತ್ತಿನ ಕೊನೆಯಲ್ಲಿ ನಿಂತನು. ಆದರೆ ಚಕ್ರ ಬದಲಿಸುವಾಗ ಅದನ್ನು ಬಿಗಿಯುವ ತಿರುಪೊಂದು ಉರುಳಿ ಕಾರಿನ ಅಡಿಗೆ ಹೋಯಿತು. ಅದನ್ನು ಹುಡುಕುವುದರಲ್ಲಿ ಗಳಿಸಿದ್ದೆಲ್ಲವೂ ಕಳೆದು, ಅವನು ಮತ್ತೆ ದಾರಿಗಿಳಿದಾಗ ಎದುರಾಳಿಗಳಿಗಿಂತ ಮುಕ್ಕಾಲು ನಿಮಿಷದಷ್ಟು ಹಿಂದೆ ಬಿದ್ದಿದ್ದನು.

ಆಗ ಅವನೇನು ಮಾಡಿದನು? ಸಿಟ್ಟಿನಿಂದ ಕಾರನ್ನು ನೂಕಲಿಲ್ಲ. ಹೊಸ ಟೈರುಗಳು ಹದಕ್ಕೆ ಬರುವ ತನಕ ಸಮಾಧಾನದಿಂದ ಓಡಿಸಿದನು. ಅನಂತರ, ಅಭ್ಯಾಸವಿದ್ದುದಕ್ಕಿಂತ ಒಂದು ಹಲ್ಲು ಮೇಲಿನ ಗೇರಿನಲ್ಲಿ ತಿರುವುಗಳನ್ನು ಹಾಯತೊಡಗಿದನು. ಸುತ್ತು ಸುತ್ತಿಗೂ ದಾಖಲೆ ಮುರಿಯಿತು. ಇಪ್ಪತ್ತನೆಯ ಸುತ್ತನ್ನು ಅವನು ೯ ನಿಮಿಷ ೧೭.೪ ಸೆಕೆಂಡುಗಳಲ್ಲಿ ಮುಗಿಸಿದನು. ಪಂದ್ಯಕ್ಕೆ ಮುಂಚೆ ಹಗುರವಾದ ಕಾರಿನಲ್ಲಿ ಅವನೇ ಸಾಧಿಸಿದ್ದ ಅತ್ಯುತ್ತಮ ಕಾಲಕ್ಕಿಂತ ಇದು ೮ ಸೆಕೆಂಡು ಕಡಿಮೆ! ಇಪ್ಪತ್ತೊಂದನೆಯ ಸುತ್ತಿನಲ್ಲಿ ಮೊದಲು ಕಾಲಿನ್ಸನನ್ನೂ ಆಮೇಲೆ ಹಾಥಾರ್ನನನ್ನೂ ದಾಟಿದನು. ಮೂರೂವರೆ ಗಂಟೆಗಳ ಓಟದ ಕೊನೆಯಲ್ಲಿ ಮೊದಲಿಗನಿಗೂ ಎರಡನೆಯವನಿಗೂ ಇದ್ದ ಅಂತರ ೩.೬ ಸೆಕೆಂಡು.

ಅಂದಿನ ಗೆಲುವೇ ಅವನ ಐದನೆಯ ವಿಶ್ವವಿಜಯವನ್ನು ಸ್ಥಿರಪಡಿಸಿತು. ವಿಶ್ವಸ್ಪರ್ಧೆಯ ಪಂದ್ಯಗಳಲ್ಲಿ ಅದೇ ಅವನ ಕೊನೆಯ ಗೆಲುವು. ಆ ದಿನದಂತೆ ತಾನು ಹಿಂದೆಂದೂ ಓಡಿಸಿರಲಿಲ್ಲ, ಮುಂದೆಂದೂ ಹಾಗೆ ಓಡಿಸಲಾರೆನೆಂದು ಅವನೇ ಒಪ್ಪಿಕೊಂಡನು. ಅಷ್ಟು ಅಪಾಯದ ಅಂಚಿನಲ್ಲಿ ಓಡಿದ್ದೆನೆಂಬ ಅರಿವು ಅವನಿಗಿತ್ತು. ಮರುವರ್ಷ, ೧೯೫೮ರಲ್ಲಿ, ಅವನು ಪಂದ್ಯಗಳಿಂದ ನಿವೃತ್ತನಾಗಿ ೧೯೯೫ರ ವರೆಗೆ ಬದುಕಿದನು.

ಅವನೊಡನೆ ಸ್ಪರ್ಧಿಸಿದ ಇಬ್ಬರು ತರುಣರ ಕಥೆಯನ್ನೂ ನೀವು ತಿಳಿಯಬೇಕು. ಪೀಟರ್ ಕಾಲಿನ್ಸನು ಸುಮಾರು ಒಂದು ವರ್ಷದ ಅನಂತರ, ೧೯೫೮ನೆಯ ಆಗಸ್ಟ್ ೩ರಂದು, ಇದೇ ದಾರಿಯಲ್ಲಿ ಪಂದ್ಯದ ನಡುವೆ ಅಪಘಾತಕ್ಕೆ ಸಿಕ್ಕಿ ಮಡಿದನು. ಮೈಕ್ ಹಾಥಾರ್ನನು ಆ ವರ್ಷದ ವಿಶ್ವವಿಜೇತನಾಗಿ, ಪಂದ್ಯಗಳು ಸಾಕೆಂದು ನಿವೃತ್ತನಾದನು. ೧೯೫೯ರ ಜನವರಿಯಲ್ಲಿ ಸಾಮಾನ್ಯ ರಸ್ತೆಯಲ್ಲಿ ತನ್ನ ಸ್ವಂತ ಕಾರನ್ನು ಓಡಿಸುವಾಗ ಅಪಘಾತದಲ್ಲಿ ತೀರಿಕೊಂಡನು. ಇಬ್ಬರಿಗೂ ಮೂವತ್ತು ತುಂಬಿರಲಿಲ್ಲ. ಪಂದ್ಯಗಳ ಚರಿತ್ರೆಯನ್ನು ಓದುವವನು ಗೆದ್ದವರ ಹೆಸರಿನ ಜೊತೆಗೆ ಇಂಥ ಹೆಸರುಗಳನ್ನೂ ಓದದೆ ವಿಧಿಯಿಲ್ಲ.

೫. ನಿಲ್ಲಿಸಿದವನ ಧೈರ್ಯ

ಮೂರನೆಯ ಪ್ರಸಂಗವು ಅದೇ ಕಾಡಿನ ದಾರಿಯಲ್ಲಿ ಆರಂಭವಾಗಿ ಜಪಾನ್ ದೇಶದಲ್ಲಿ ಮುಗಿಯುತ್ತದೆ. ಅದರ ನಾಯಕನು ಆಸ್ಟ್ರಿಯಾದ ನಿಕಿ ಲೌಡಾ. ೧೯೭೫ರ ವಿಶ್ವವಿಜೇತನು ಅವನೇ. ನ್ಯೂರ್‌ಬುರ್ಗ್‌ರಿಂಗಿನ ಸುತ್ತನ್ನು ಏಳು ನಿಮಿಷಗಳೊಳಗೆ ಮುಗಿಸಿದ ಮೊದಲಿಗನೂ ಅವನೇ. ಆದರೂ ೧೯೭೬ರಲ್ಲಿ ಆ ದಾರಿಯಲ್ಲಿ ಓಡುವುದು ಬೇಡವೆಂದು ತನ್ನ ಸಂಗಡಿಗರಿಗೆ ಹೇಳಿದವನು ಅವನು. ಸುಮಾರು ೨೩ ಕಿಲೋಮೀಟರು ಉದ್ದದ ದಾರಿಯಲ್ಲಿ ಎಲ್ಲಿಯೋ ಅಪಘಾತವಾದರೆ, ಬೆಂಕಿ ಆರಿಸುವವರೂ ವೈದ್ಯರೂ ಬೇಗ ಬಂದು ಮುಟ್ಟಲಾರರೆಂಬುದು ಅವನ ವಾದ. ಸಂಗಡಿಗರಲ್ಲಿ ಬಹುಮತ ದೊರೆಯಲಿಲ್ಲ, ಪಂದ್ಯ ನಡೆಯಿತು.

ಆಗಸ್ಟ್ ೧, ೧೯೭೬. ಎರಡನೆಯ ಸುತ್ತಿನಲ್ಲಿ ಲೌಡಾನ ಫೆರಾರಿ ಕಾರು ದಾರಿ ತಪ್ಪಿ ದಿಬ್ಬಕ್ಕೆ ಬಡಿದು ಹೊತ್ತಿ ಉರಿಯಿತು. ಅವನನ್ನು ಬೆಂಕಿಯಿಂದ ಹೊರಗೆಳೆದವರು ಹಿಂದಿನಿಂದ ಬರುತ್ತಿದ್ದ ಇತರ ಚಾಲಕರು: ಆರ್ತುರೊ ಮೆರ್ತ್ಸಾರಿಯೊ, ಗೈ ಎಡ್ವರ್ಡ್ಸ್, ಬ್ರೆಟ್ ಲಂಗರ್, ಹರಾಲ್ಡ್ ಎರ್ಟ್ಲ್. ತಮ್ಮ ಪಂದ್ಯವನ್ನು ಮರೆತು ಉರಿಯೊಳಗೆ ಕೈ ಹಾಕಿದ ಈ ನಾಲ್ವರ ಹೆಸರುಗಳು ಆ ದಿನದ ವಿಜೇತರ ಪಟ್ಟಿಯಲ್ಲಿಲ್ಲ. ಆದರೆ ನೀವು ಅವನ್ನು ನೆನಪಿಡಿರಿ.

ಲೌಡಾನ ಮುಖ ಸುಟ್ಟಿತ್ತು. ವಿಷದ ಹೊಗೆಯಿಂದ ಶ್ವಾಸಕೋಶಗಳು ಬೆಂದಿದ್ದವು. ಆಸ್ಪತ್ರೆಯಲ್ಲಿ ಪಾದ್ರಿಯು ಬಂದು ಅಂತ್ಯಕಾಲದ ಪ್ರಾರ್ಥನೆಯನ್ನೂ ಮಾಡಿ ಹೋದನು. ಅಂಥವನು ಆರು ವಾರಗಳ ಅನಂತರ, ಗಾಯದ ಪಟ್ಟಿಗಳೊಡನೆಯೇ, ಇಟಲಿಯ ಮೊಂಜಾ ಪಂದ್ಯಕ್ಕೆ ಬಂದು ನಾಲ್ಕನೆಯ ಸ್ಥಾನ ಪಡೆದನು!

ವರ್ಷದ ಕೊನೆಯ ಪಂದ್ಯವು ಅಕ್ಟೋಬರ್ ೨೪ರಂದು ಜಪಾನಿನ ಫೂಜಿಯಲ್ಲಿ. ಲೌಡಾನಿಗೆ ೬೮ ಅಂಕ, ಇಂಗ್ಲೆಂಡಿನ ಜೇಮ್ಸ್ ಹಂಟನಿಗೆ ೬೫. ಅಂದು ಧಾರಾಕಾರ ಮಳೆ, ಮಂಜು. ಮುಂದಿನ ಕಾರಿನ ಚಕ್ರಗಳಿಂದ ಚಿಮ್ಮುವ ನೀರಿನಲ್ಲಿ ದಾರಿಯೇ ಕಾಣಿಸದು. ರೆಪ್ಪೆಗಳು ಸುಟ್ಟಿದ್ದ ಲೌಡಾನಿಗೆ ಕಣ್ಣು ಮಿಟುಕಿಸುವುದೂ ಕಷ್ಟವಾಗಿತ್ತು. ಎರಡು ಸುತ್ತು ಓಡಿಸಿ ಅವನು ಕಾರನ್ನು ತನ್ನ ತಂಡದವರ ಬಳಿ ತಂದು ನಿಲ್ಲಿಸಿದನು. ಇದು ಅಪಾಯ, ನಾನು ಓಡಿಸಲಾರೆ ಎಂದನು. ಯಂತ್ರ ಕೆಟ್ಟಿತೆಂದು ಹೊರಗೆ ಹೇಳೋಣವೆಂದು ತಂಡದವರು ಸೂಚಿಸಿದರು. ಅದಕ್ಕೂ ಅವನು ಒಪ್ಪಲಿಲ್ಲ. ನಿಲ್ಲಿಸಿದವನು ತಾನೇ ಎಂದು ಎಲ್ಲರಿಗೂ ತಿಳಿಯಲೆಂದನು.

ಹಂಟನು ಓಡುತ್ತಲೇ ಇದ್ದನು. ಕೊನೆಯ ಭಾಗದಲ್ಲಿ ಅವನ ಟೈರು ಗಾಳಿ ಬಿಟ್ಟು, ಬದಲಿಸಿಕೊಂಡು, ಮತ್ತೆ ಮುಂದೆ ಬಂದು ಮೂರನೆಯವನಾದನು. ಆಗಿನ ನಿಯಮದಂತೆ ಮೂರನೆಯವನಿಗೆ ೪ ಅಂಕ. ೬೫ಕ್ಕೆ ೪ ಕೂಡಿದರೆ ೬೯. ಲೌಡಾನಿಗೆ ೬೮. ಒಂದೇ ಒಂದು ಅಂಕದಿಂದ ಹಂಟನು ವಿಶ್ವವಿಜೇತನಾದನು. ಅವನ ಗೆಲುವೂ ಧೈರ್ಯದ ಗೆಲುವೇ. ಅದನ್ನು ಕಡಿಮೆಮಾಡಿ ಹೇಳಬಾರದು.

ಲೌಡಾನನ್ನು ಹೇಡಿಯೆಂದು ಕರೆದವರೂ ಇದ್ದರು. ಆದರೆ ಮರುವರ್ಷ, ೧೯೭೭ರಲ್ಲಿ, ಅವನೇ ವಿಶ್ವವಿಜೇತನಾದನು. ೧೯೮೪ರಲ್ಲಿ ಮೂರನೆಯ ಸಲ, ಕೇವಲ ಅರ್ಧ ಅಂಕದ ಅಂತರದಿಂದ, ಆ ಪದವಿ ಅವನದಾಯಿತು. ಅವನು ತೀರಿಕೊಂಡುದು ೨೦೧೯ರಲ್ಲಿ, ಎಪ್ಪತ್ತನೆಯ ವಯಸ್ಸಿನಲ್ಲಿ.

೧೯೭೬ರ ಅನಂತರ ವಿಶ್ವಸ್ಪರ್ಧೆಯ ಪಂದ್ಯವು ಆ ಹಳೆಯ ಕಾಡುದಾರಿಯಲ್ಲಿ ಮತ್ತೆ ನಡೆಯಲಿಲ್ಲ. ಪಕ್ಕದಲ್ಲಿಯೇ ಕಟ್ಟಿದ ಸಣ್ಣ ಸುತ್ತು ೧೯೮೪ರಲ್ಲಿ ತೆರೆಯಿತು. ೨೦೧೮ರಿಂದ ಚಾಲಕನ ತಲೆಯ ರಕ್ಷಣೆಗಾಗಿ ಲೋಹದ ಕಮಾನೊಂದನ್ನು ಪ್ರತಿ ಕಾರಿಗೂ ಕಡ್ಡಾಯ ಮಾಡಿದರು. ೨೦೨೦ರ ನವೆಂಬರಿನಲ್ಲಿ ಬಹ್ರೇನ್ ಪಂದ್ಯದಲ್ಲಿ ರೊಮೇನ್ ಗ್ರೋಜಾನನ ಕಾರು ಕಬ್ಬಿಣದ ತಡೆಯನ್ನು ಸೀಳಿ, ಎರಡು ತುಂಡಾಗಿ ಉರಿಯಿತು. ಅವನು ಅರ್ಧ ನಿಮಿಷದೊಳಗೆ ಬೆಂಕಿಯಿಂದ ತಾನೇ ಎದ್ದು ಬಂದನು. ಅವನ ಕೈಗಳು ಸುಟ್ಟಿದ್ದವು. ೧೯೭೬ರಲ್ಲಿ ಒಬ್ಬನು "ಇದು ಅಪಾಯ" ಎಂದು ಹೇಳಿದಾಗ ಕೇಳದಿದ್ದ ಮಾತನ್ನು ಪ್ರಪಂಚವು ನಿಧಾನವಾಗಿಯಾದರೂ ಕೇಳಿಸಿಕೊಂಡಿತು.

೬. ಪ್ರಶ್ನೆಗೆ ಉತ್ತರ

ಈಗ ಆ ಬಾಲಕನ ಪ್ರಶ್ನೆಗೆ ಬರೋಣ. ಯಂತ್ರದ ಬಲ ಮುಖ್ಯವಲ್ಲವೆಂದು ನಾನು ಹೇಳುವುದಿಲ್ಲ. ಒಳ್ಳೆಯ ಯಂತ್ರವುಳ್ಳವನು ಹೆಚ್ಚು ಸಲ ಗೆಲ್ಲುತ್ತಾನೆ; ಇದು ಸತ್ಯ. ಆದರೆ ಎಣ್ಣೆ ಎಷ್ಟು ತುಂಬಬೇಕು, ಟೈರನ್ನು ಹೇಗೆ ಉಳಿಸಬೇಕು, ಯಾವ ತಿರುವಿನಲ್ಲಿ ಎಷ್ಟು ವೇಗ ಸಲ್ಲುತ್ತದೆ, ಎಲ್ಲಿ ನಿಲ್ಲಿಸಬೇಕು ಎಂಬುದನ್ನು ಯಂತ್ರವು ಹೇಳುವುದಿಲ್ಲ. ಅದು ಅಭ್ಯಾಸದಿಂದಲೂ ಯೋಚನೆಯಿಂದಲೂ ಬರತಕ್ಕ ವಿದ್ಯೆ. ಎರಡು ಬೀರುಗಳ ಪ್ರಯೋಗಶಾಲೆಯಲ್ಲಿಯೂ ಅದನ್ನು ಕಲಿಯಬಹುದು. ನಾನು ಓದಿದ ಹಳ್ಳಿಯ ಕನ್ನಡ ಶಾಲೆಯಲ್ಲಿ ಒಂದು ಬೀರೂ ಇರಲಿಲ್ಲ.

ಕಳೆದ ವರ್ಷದ ಪ್ರದರ್ಶನದಲ್ಲಿ ನಮಗೆ ಬಹುಮಾನ ಬರಲಿಲ್ಲ. ಆ ಬಾಲಕನು ತನ್ನ ಮಾದರಿಯಲ್ಲಿ ಕೆಟ್ಟುದೇನೆಂದು ಹಿಂದಿರುಗುವಾಗ ರೈಲಿನಲ್ಲಿಯೇ ಕಾಗದದ ಮೇಲೆ ಬರೆದುಕೊಂಡನು. ಈ ವರ್ಷ ಮತ್ತೆ ಹೋಗಲಿದ್ದಾನೆ.

ಕೊನೆಗೆ ಇನ್ನೊಂದು ಮಾತು. ನಮ್ಮ ನಗರದ ನಿಲ್ದಾಣಗಳಲ್ಲಿ ಹೊರಟ ಗಾಡಿಯನ್ನು ಹಿಡಿಯಲು ಓಡುವ ವಿದ್ಯಾರ್ಥಿಗಳನ್ನು ನಾನು ದಿನವೂ ಕಾಣುತ್ತೇನೆ. ಮುಂದಿನ ಗಾಡಿ ನಾಲ್ಕೇ ನಿಮಿಷದಲ್ಲಿ ಬರುತ್ತದೆ. ಫೂಜಿಯ ಮಳೆಯಲ್ಲಿ ವಿಶ್ವವಿಜಯವನ್ನೇ ಬಿಟ್ಟು ನಿಂತವನನ್ನು ಆಗ ನೆನೆಯಿರಿ. ತಡವಾಗಿ ಬಂದುದಕ್ಕೆ ನಾನು ಬೈದರೂ ಬೈಯಲಿ. ಹಾಜರಿಯಲ್ಲಿ ನಿಮ್ಮ ಹೆಸರು ಕರೆದಾಗ ಉತ್ತರ ಬಂದರೆ ಸಾಕು.

ಅಭ್ಯಾಸ

೧. ೨೨.೮ ಕಿಲೋಮೀಟರನ್ನು ೯ ನಿಮಿಷ ೧೭.೪ ಸೆಕೆಂಡುಗಳಲ್ಲಿ ಮುಗಿಸಿದ ಫಾಂಜಿಯೊನ ಸರಾಸರಿ ವೇಗ ಗಂಟೆಗೆ ಎಷ್ಟು ಕಿಲೋಮೀಟರು?

೨. ಗಂಟೆಗೆ ೧೪೩ ಕಿಲೋಮೀಟರು ವೇಗದಲ್ಲಿ ಓಡುವ ಕಾರು ೩.೬ ಸೆಕೆಂಡುಗಳಲ್ಲಿ ಎಷ್ಟು ಮೀಟರು ಹೋಗುತ್ತದೆ? ಉತ್ತರದಲ್ಲಿ ಏನಾದರೂ ವಿಶೇಷ ಕಂಡಿತೇ? ಕಾರಣ ಬರೆಯಿರಿ.

೩. ಎಣ್ಣೆಯ ಭಾರ ಕಡಿಮೆಯಾದರೆ ಕಾರಿನ ವೇಗ ಹೆಚ್ಚುವುದೇಕೆ? ನ್ಯೂಟನ್ನನ ಎರಡನೆಯ ನಿಯಮದಿಂದ ವಿವರಿಸಿರಿ.

೪. ೧೯೩೫ರಲ್ಲಿ ನುವೊಲಾರಿಯು ಗೆದ್ದುದು ಅದೃಷ್ಟದಿಂದಲೇ? ನಿಮ್ಮ ಅಭಿಪ್ರಾಯವನ್ನು ಹತ್ತು ವಾಕ್ಯಗಳಲ್ಲಿ ಬರೆಯಿರಿ. ನನ್ನ ಅಭಿಪ್ರಾಯವನ್ನೇ ಒಪ್ಪಬೇಕೆಂದಿಲ್ಲ.

೫. ಹಂಟ್, ಲೌಡಾ ಇವರಿಬ್ಬರಲ್ಲಿ ಫೂಜಿಯಲ್ಲಿ ಹೆಚ್ಚು ಧೈರ್ಯ ತೋರಿದವರು ಯಾರು? ತರಗತಿಯಲ್ಲಿ ಎರಡು ಪಕ್ಷಗಳಾಗಿ ಚರ್ಚಿಸಿರಿ.

ಉತ್ತರಗಳನ್ನು ಬರೆದು ತಂದರೆ ಸಂತೋಷದಿಂದ ತಿದ್ದಿಕೊಡುತ್ತೇನೆ.